ಸುಸನ್ನ ವೆಸ್ಲಿಯಮ್ಮನವರ ಜೀವನಚರಿತ್ರೆ

ಲೋಕದಲ್ಲಿ ಹೆಸರುವಾಸಿಯಾದ ಪುರುಷರ ಚರಿತ್ರೆಗಳನ್ನು ಓದುವವರು ಅವರ ಪಾಂಡಿತ್ಯವನ್ನೂ ಅವರು ನಡಿಸಿದ ಮಹತ್ಕಾರ್ಯಗಳನ್ನೂ ಕಂಡು ಬೆರಗಾಗುತ್ತಾರೆ. ಆದರೆ ಆ ಪುರುಷರಿಗೆ ಮೊದಲು ಅಕ್ಷರವನ್ನು ತಿದ್ದಿಸಿದವರು ಯಾರು, ಕೈಗಳನ್ನು ಜೋಡಿಸಿ ಪ್ರಾರ್ಥಿಸುವದನ್ನು ಕಲಿಸಿದವರು ಯಾರು ಎಂದು ವಿಚಾರಿಸುವವರು ಕೆಲವರೇ. ಮೆಥೊಡಿಸ್ಟ್ ಸಭೆಯ ಮೂಲಪುರುಷರಾದ ಜಾನ್ ವೆಸ್ಲಿಯವರ ಹೆಸರನ್ನೂ, ಸಾವಿರಾರು ಗೀತಗಳನ್ನು ರಚಿಸಿದ ಅವರ ತಮ್ಮಂದಿರಾದ ಚಾರ್ಲ್ಸ್ ವೆಸ್ಲಿಯವರ ಹೆಸರನ್ನೂ ನಮ್ಮ ಸಭೆಗಳಲ್ಲಿ ಅರಿಯದವರು ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನಿನವರು ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರು ಮೊದಲಾದ ಊರುಗಳಲ್ಲಿ ನಡಿಸಿದ ಶಾಲೆಗಳ ಮೂಲಕ ಆ ಹೆಸರು ಕನ್ನಡನಾಡಿಗೂ ಪರಿಚಿತವಾಯಿತು. ಆ ಇಬ್ಬರಿಗೂ ತಾಯಿಯೂ ಪ್ರಥಮ ಗುರುವೂ ಆಗಿದ್ದ ಸುಸನ್ನಮ್ಮನವರಾದರೋ ಯಾವ ಪಾಠಶಾಲೆಯ ಮುಖ್ಯಸ್ಥಳೂ ಆಗಿರಲಿಲ್ಲ. ಯಾವ ದೇವಾಲಯದ ಪ್ರಸಂಗಪೀಠವನ್ನೂ ಹತ್ತಿದವರಲ್ಲ. ತಮ್ಮ ಮನೆಯ ನಾಲ್ಕು ಗೋಡೆಗಳೊಳಗೆಯೇ ಅವರು ಮಾಡಿದ ಕಾರ್ಯವು ಎಂಥದೆಂದು ಸಂಕ್ಷೇಪವಾಗಿ ಹೇಳುವದೇ ಈ ಲೇಖನದ ಉದ್ದೇಶ.

ಸುಸನ್ನಮ್ಮನವರು ೧೬೬೯ನೆಯ ಇಸವಿ ಜನವರಿ ತಿಂಗಳಲ್ಲಿ ಲಂಡನ್ ಪಟ್ಟಣದಲ್ಲಿ ಜನಿಸಿದರು. ಅವರ ತಂದೆಯವರಾದ ಡಾಕ್ಟರ್ ಸಾಮ್ಯುಯೆಲ್ ಆನ್ಸ್ಲಿಯವರು ದೊಡ್ಡ ಪಂಡಿತರೂ ಭಕ್ತಿವಂತರೂ ಆದ ಬೋಧಕರು. ೧೬೬೨ರಲ್ಲಿ ಶಾಸನದಿಂದ ನಿಯಮಿತವಾದ ಪ್ರಾರ್ಥನಾಕ್ರಮವನ್ನು ಸಂಪೂರ್ಣವಾಗಿ ಒಪ್ಪಲಾರದ ಬೋಧಕರೆಲ್ಲರೂ ತಮ್ಮ ಸ್ಥಾನಗಳನ್ನು ಬಿಡಬೇಕಾಗಿ ಬಂದಾಗ, ಇವರೂ ಮನಸ್ಸಾಕ್ಷಿಯ ನಿಮಿತ್ತ ತಮ್ಮ ದೇವಾಲಯವನ್ನೂ ವರಮಾನವನ್ನೂ ಬಿಟ್ಟುಕೊಟ್ಟಿದ್ದರು. ಸುಸನ್ನಮ್ಮನವರು ಆ ದೊಡ್ಡ ಕುಟುಂಬದಲ್ಲಿ ಎಲ್ಲರಿಗಿಂತಲೂ ಕಿರಿಯ ಮಗಳು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯಾಶಾಲೆಗಳ ಬಾಗಿಲು ಮುಚ್ಚಿತ್ತು. ಆದರೂ ತಂದೆಯ ಪುಸ್ತಕಗಳ ನಡುವೆಯೇ ಬೆಳೆದ ಈ ಬಾಲಿಕೆಯು ಅವುಗಳನ್ನು ಓದುತ್ತಲೂ, ಮನೆಗೆ ಬರುತ್ತಿದ್ದ ವಿದ್ವಾಂಸರ ಸಂಭಾಷಣೆಯನ್ನು ಕೇಳುತ್ತಲೂ ಪ್ರಾಯಕ್ಕೆ ಮೀರಿದ ವಿವೇಕವನ್ನು ಪಡೆದಳು. ಹದಿಮೂರು ವರ್ಷ ವಯಸ್ಸಿನಲ್ಲಿಯೇ ಎರಡು ಪಕ್ಷಗಳ ವಾದಗಳನ್ನೂ ತೂಗಿ ನೋಡಿ, ತಂದೆ ಬಿಟ್ಟುಬಂದ ಇಂಗ್ಲೆಂಡಿನ ರಾಜ್ಯಸಭೆಗೇ ತಾನು ಸೇರುವದಾಗಿ ನಿಶ್ಚಯಿಸಿಕೊಂಡಳು. ಮನಸ್ಸಾಕ್ಷಿಗಾಗಿ ತಾವೇ ನಷ್ಟಪಟ್ಟಿದ್ದ ಆ ತಂದೆಯು ಮಗಳ ಮನಸ್ಸಾಕ್ಷಿಯನ್ನು ಬಲಾತ್ಕರಿಸಲಿಲ್ಲ. ಅವರಿಬ್ಬರ ಪ್ರೀತಿಗೆ ಕುಂದುಬರಲಿಲ್ಲ. ಮರಣಕಾಲದಲ್ಲಿ ಅವರು ತಮ್ಮ ಬರಹಗಳನ್ನು ಈ ಕಿರಿಯ ಮಗಳಿಗೇ ಬಿಟ್ಟುಹೋದರು.

೧೬೮೮ರಲ್ಲಿ ಅವರಿಗೆ ಸಾಮ್ಯುಯೆಲ್ ವೆಸ್ಲಿ ಎಂಬ ತರುಣರೊಂದಿಗೆ ವಿವಾಹವಾಯಿತು. ಇವರು ರಾಜ್ಯಸಭೆಯ ಬೋಧಕರೂ ಕವಿಗಳೂ ಆಗಿದ್ದರು. ಕೆಲವು ವರ್ಷಗಳ ತರುವಾಯ ಇವರು ಲಿಂಕನ್‌ಷೈರ್ ಪ್ರಾಂತ್ಯದ ಎಪ್ವರ್ತ್ ಎಂಬ ಊರಿಗೆ ಸಭಾಪಾಲಕರಾಗಿ ಬಂದರು. ಅದು ಜೌಗುಭೂಮಿಯಿಂದ ಸುತ್ತುವರಿದ ಚಿಕ್ಕ ಊರು; ಅಲ್ಲಿಯ ಜನರು ಒರಟು ಸ್ವಭಾವದವರು. ದಂಪತಿಗಳಿಗೆ ಹತ್ತೊಂಬತ್ತು ಮಕ್ಕಳು ಹುಟ್ಟಿದರು. ಅವರಲ್ಲಿ ಒಂಬತ್ತು ಮಂದಿ ಶಿಶುಗಳಾಗಿರುವಾಗಲೇ ಮೃತಪಟ್ಟರು. ಉಳಿದ ಹತ್ತು ಮಂದಿಯಲ್ಲಿ ಗಂಡುಮಕ್ಕಳು ಮೂವರು, ಹೆಣ್ಣುಮಕ್ಕಳು ಏಳು ಮಂದಿ. ಪತಿಯು ಪಂಡಿತರಾಗಿದ್ದರೂ ಹಣದ ವಿಷಯದಲ್ಲಿ ಜಾಣರಲ್ಲ. ಸಾಲವು ಬೆಳೆಯುತ್ತಲೇ ಇತ್ತು. ೧೭೦೫ರಲ್ಲಿ ಒಂದು ಚುನಾವಣೆಯ ದ್ವೇಷದಿಂದ ಶತ್ರುಗಳಾದವರು ಸಾಲಕ್ಕಾಗಿ ಅವರನ್ನು ಹಿಡಿಸಿ ಲಿಂಕನ್ ಕೋಟೆಯ ಸೆರೆಮನೆಯಲ್ಲಿ ಹಾಕಿಸಿದರು. ಮನೆಯ ಹಸುಗಳನ್ನು ಇರಿದು ಗಾಯಪಡಿಸಿದರು. ಸುಸನ್ನಮ್ಮನವರು ತಮ್ಮಲ್ಲಿದ್ದ ಉಂಗುರಗಳನ್ನು ತೆಗೆದು ಪತಿಯ ವೆಚ್ಚಕ್ಕಾಗಿ ಸೆರೆಮನೆಗೆ ಕಳುಹಿಸಿದರು. ಪತಿಯು ಅವುಗಳನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದರು. ಅದೇ ವರ್ಷ ದಾದಿಯ ಅಜಾಗ್ರತೆಯಿಂದ ಒಂದು ಹಸುಗೂಸು ಸತ್ತುಹೋಗಿತ್ತು. ಇಂಥ ಬಡತನ, ದುಃಖ, ಹೆರಿಗೆ, ರೋಗಗಳ ನಡುವೆಯೇ ಈ ತಾಯಿಯು ತನ್ನ ಮಕ್ಕಳಿಗೆ ವಿದ್ಯೆಯನ್ನೂ ದೈವಭಕ್ತಿಯನ್ನೂ ಕಲಿಸಿದಳೆಂಬದನ್ನು ನಾವು ಮರೆಯಬಾರದು. ಅನುಕೂಲವಿದ್ದರೆ ಮಾಡುವೆವೆಂದು ಕಾದಿರುವವರಿಗೆ ಈ ಚರಿತ್ರೆಯೇ ಉತ್ತರವು.

ಅವರ ಬೋಧನಾಕ್ರಮವು ಮಗುವು ತೊಟ್ಟಿಲಲ್ಲಿರುವಾಗಲೇ ಆರಂಭವಾಗುತ್ತಿತ್ತು. ನಿದ್ರೆಗೂ ಊಟಕ್ಕೂ ಹೊತ್ತು ಗೊತ್ತಾಗಿತ್ತು. ಊಟದ ಹೊತ್ತನ್ನು ಬಿಟ್ಟು ನಡುವೆ ತಿನ್ನುವದಕ್ಕೆ ಅಪ್ಪಣೆಯಿರಲಿಲ್ಲ. ಬಡಿಸಿದ್ದನ್ನು ತಿನ್ನಬೇಕೇ ಹೊರತು ಬೇರೆ ಬೇಕೆಂದು ಹಟ ಹಿಡಿದು ಅತ್ತ ಮಗುವಿಗೆ ಆ ಪದಾರ್ಥವು ಸಿಕ್ಕುತ್ತಿರಲಿಲ್ಲ. ಮಾತು ಬಂದ ಕೂಡಲೇ ಕರ್ತನ ಪ್ರಾರ್ಥನೆಯನ್ನು ಕಲಿಸಿ, ಏಳುವಾಗಲೂ ಮಲಗುವಾಗಲೂ ಅದನ್ನು ಹೇಳಿಸುತ್ತಿದ್ದರು. ಮೊಣಕಾಲೂರುವದಕ್ಕೂ ಮಾತಾಡುವದಕ್ಕೂ ಬಾರದ ಶಿಶುಗಳು ಸಹ ಕುಟುಂಬಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ಮನಿರುವದನ್ನು ಕಲಿತಿದ್ದವು. ಭಾನುವಾರವು ಉಳಿದ ದಿನಗಳಿಗಿಂತ ಬೇರೆಯಾದ ದಿನವೆಂಬದು ಅವುಗಳಿಗೆ ಮಾತಿನಿಂದಲ್ಲ, ಮನೆಯ ನಡತೆಯಿಂದಲೇ ತಿಳಿಯುತ್ತಿತ್ತು.

ಐದು ವರ್ಷ ತುಂಬುವವರೆಗೆ ಮಗುವಿಗೆ ಅಕ್ಷರವನ್ನು ಕಲಿಸುತ್ತಿರಲಿಲ್ಲ. ಐದನೆಯ ಹುಟ್ಟಿದ ಹಬ್ಬವು ಕಳೆದ ಮರುದಿನ ಮನೆಯಲ್ಲಿ ಎಲ್ಲರಿಗೂ ಅವರವರ ಕೆಲಸವನ್ನು ನೇಮಿಸಿ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ವರೆಗೂ, ಎರಡರಿಂದ ಐದರ ವರೆಗೂ ಆ ಕೋಣೆಯೊಳಗೆ ಯಾರೂ ಬಾರದಂತೆ ಕಟ್ಟುಮಾಡಿ, ತಾಯಿಯು ಮಗುವನ್ನು ಕೂರಿಸಿಕೊಳ್ಳುತ್ತಿದ್ದಳು. ಆ ಒಂದೇ ದಿನದಲ್ಲಿ ಮಕ್ಕಳು ಅಕ್ಷರಮಾಲೆಯನ್ನೆಲ್ಲಾ ಕಲಿತುಬಿಡುತ್ತಿದ್ದರು. ಇಬ್ಬರಿಗೆ ಮಾತ್ರ ಒಂದೂವರೆ ದಿನ ಬೇಕಾಯಿತು. ಅಕ್ಷರ ಬಂದ ಮೇಲೆ ಬಾಲಬೋಧೆಯೆಂಬ ಬೇರೆ ಪುಸ್ತಕವಿಲ್ಲ. ಆದಿಕಾಂಡದ ಮೊದಲನೆಯ ಅಧ್ಯಾಯವೇ ಮೊದಲ ಪಾಠವು. ಒಂದು ವಚನವು ತಪ್ಪಿಲ್ಲದೆ ಬಂದ ಹೊರತು ಇನ್ನೊಂದು ವಚನಕ್ಕೆ ಹೋಗುತ್ತಿರಲಿಲ್ಲ. ಪಾಠವು ಮುಗಿದ ಮೇಲೆ ಸಾಯಂಕಾಲ ಐದು ಗಂಟೆಗೆ ಹಿರಿಯ ಮಗುವು ಮಾತು ಬಲ್ಲವರಲ್ಲಿ ಎಲ್ಲರಿಗಿಂತ ಕಿರಿಯದನ್ನೂ, ಎರಡನೆಯದು ಅದರ ಮೇಲಿನದನ್ನೂ ಹೀಗೆ ಜೊತೆಗೆ ಕರೆದುಕೊಂಡು ಹೋಗಿ, ಆ ದಿನದ ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯ ಒಂದು ಅಧ್ಯಾಯವನ್ನೂ ಓದಿ ಕೇಳಿಸಬೇಕು. ಇದರಿಂದ ಕಲಿತವರೇ ಕಲಿಸುವವರಾದರು. ಅಕ್ಕತಮ್ಮಂದಿರ ಪ್ರೀತಿಯೂ ವೃದ್ಧಿಯಾಯಿತು.

ನಡತೆಯ ವಿಷಯದಲ್ಲಿ ಸುಸನ್ನಮ್ಮನವರು ಗೊತ್ತುಮಾಡಿದ್ದ ನಿಯಮಗಳು ಇಂದಿಗೂ ವಿಚಾರಣೆಗೆ ಯೋಗ್ಯವಾಗಿವೆ. ಶಿಕ್ಷೆಯ ಭಯದಿಂದಲೇ ಮಕ್ಕಳು ಸುಳ್ಳಾಡುವದನ್ನು ಕಲಿಯುತ್ತಾರೆಂದು ಅವರು ಕಂಡುಕೊಂಡಿದ್ದರು. ಆದಕಾರಣ ತಪ್ಪನ್ನು ತಾನಾಗಿ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದು ಮಾತುಕೊಟ್ಟ ಮಗುವನ್ನು ಹೊಡೆಯಬಾರದೆಂದು ಕಟ್ಟಳೆಮಾಡಿದರು. ಒಂದು ತಪ್ಪಿಗೆ ಎರಡು ಸಾರಿ ಶಿಕ್ಷೆಯಿಲ್ಲ. ತಿದ್ದಿಕೊಂಡ ಮೇಲೆ ಅದನ್ನು ಎತ್ತಿ ಹಂಗಿಸಕೂಡದು. ಮಗುವು ಮೆಚ್ಚಿಸಬೇಕೆಂಬ ಮನಸ್ಸಿನಿಂದ ಮಾಡಿದ ಕೆಲಸವು ಕೆಟ್ಟುಹೋದರೂ ಆ ಮನಸ್ಸನ್ನು ನೋಡಿ ಒಪ್ಪಿಕೊಂಡು, ಮುಂದೆ ಹೇಗೆ ಮಾಡಬೇಕೆಂದು ಮೃದುವಾಗಿ ತಿಳಿಸಬೇಕು. ಒಬ್ಬರ ಸೊತ್ತು ಒಂದು ಗುಂಡುಸೂಜಿಯಷ್ಟೇ ಆಗಿದ್ದರೂ ಅವರನ್ನು ಕೇಳದೆ ಇನ್ನೊಬ್ಬರು ಮುಟ್ಟಬಾರದು. ಕೊಟ್ಟ ಮಾತನ್ನು ನಡಿಸಲೇಬೇಕು. ಕೊಟ್ಟ ವಸ್ತುವನ್ನು ಹಿಂದಕ್ಕೆ ಕೇಳಬಾರದು.

ಇನ್ನೊಂದು ನಿಯಮವನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ಹೆಣ್ಣುಮಗುವು ಚೆನ್ನಾಗಿ ಓದುವದಕ್ಕೆ ಕಲಿಯುವ ತನಕ ಆಕೆಯ ಕೈಗೆ ಹೊಲಿಗೆಯ ಸೂಜಿಯನ್ನು ಕೊಡಬಾರದೆಂದು ಆ ತಾಯಿಯು ನಿರ್ಣಯಿಸಿದ್ದಳು. ಓದು ಬರುವ ಮುಂಚೆಯೇ ಹೊಲಿಗೆಗೆ ಕೂರಿಸುವದರಿಂದಲೇ, ಕೇಳುವವರಿಗೆ ಹಿತವಾಗುವಂತೆ ಓದಬಲ್ಲ ಸ್ತ್ರೀಯರು ಅಷ್ಟು ಕಡಿಮೆಯಾಗಿದ್ದಾರೆಂದು ಅವರ ಅಭಿಪ್ರಾಯ. ಹೊಲಿಗೆಯನ್ನು ಅವರು ಹೀನವೆಂದು ಎಣಿಸಲಿಲ್ಲ. ಮೊದಲು ಓದು, ಆಮೇಲೆ ಸೂಜಿ. ಹೊಲಿಗೆಗೂ ಓದಿನಷ್ಟೇ ಹೊತ್ತು, ಅಷ್ಟೇ ಶ್ರದ್ಧೆ. ಹುಡುಗಿಯರಿಗೆ ಓದು ಏತಕ್ಕೆಂದು ಎಷ್ಟೋ ದೇಶಗಳಲ್ಲಿ ಇನ್ನೂರು ವರ್ಷಗಳ ಮೇಲೆಯೂ ಜನರು ಕೇಳುತ್ತಿದ್ದರು. ಈ ಹಳ್ಳಿಯ ಮನೆಯಲ್ಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಆ ಪ್ರಶ್ನೆಯು ತೀರಿಹೋಗಿತ್ತು.

೧೭೦೯ನೆಯ ಇಸವಿ ಫೆಬ್ರವರಿ ೯ರ ರಾತ್ರಿ ಆ ಮನೆಗೆ ಬೆಂಕಿ ಬಿತ್ತು. ಸುಸನ್ನಮ್ಮನವರು ಆಗ ತುಂಬುಗರ್ಭಿಣಿ. ಉರಿಯ ನಡುವೆಯೇ ನಡೆದು, ಕೈಯೂ ಮುಖವೂ ಬೆಂದು, ಹೇಗೋ ಹೊರಗೆ ಬಂದರು. ಮಕ್ಕಳನ್ನು ಎಣಿಸಿ ನೋಡಿದರೆ ಐದು ವರ್ಷದ ಜಾನನಿಲ್ಲ. ತಂದೆಯು ಮೆಟ್ಟಲನ್ನು ಹತ್ತಲು ಪ್ರಯತ್ನಿಸಿ ಸೋತು, ಮೊಣಕಾಲೂರಿ ಆ ಮಗುವಿನ ಆತ್ಮವನ್ನು ದೇವರಿಗೆ ಒಪ್ಪಿಸಿಕೊಟ್ಟರು. ಅಷ್ಟರಲ್ಲಿ ಬಾಲಕನು ಮೇಲಿನ ಕಿಟಕಿಯಲ್ಲಿ ಕಾಣಿಸಿಕೊಂಡನು. ಏಣಿಯನ್ನು ತರುವದಕ್ಕೆ ಹೊತ್ತಿರಲಿಲ್ಲ. ನೆರೆಯವನೊಬ್ಬನು ಇನ್ನೊಬ್ಬನ ಹೆಗಲ ಮೇಲೆ ನಿಂತು ಮಗುವನ್ನು ಎಳೆದುಕೊಂಡನು. ಒಡನೆಯೇ ಮಾಳಿಗೆಯು ಕುಸಿದುಬಿತ್ತು. ಮನೆ, ಪುಸ್ತಕಗಳು, ಆನ್ಸ್ಲಿಯವರ ಬರಹಗಳು ಎಲ್ಲವೂ ಬೂದಿಯಾದವು. ಆದರೂ ಎಂಟು ಮಕ್ಕಳೂ ಉಳಿದರೆಂದು ತಂದೆಯು ನೆರೆಯವರನ್ನೆಲ್ಲಾ ಕರೆದು ಅಲ್ಲಿಯೇ ದೇವಸ್ತೋತ್ರವನ್ನು ಮಾಡಿದರು. ಹಿರಿಯ ಮಗನು ಆಗ ಲಂಡನಿನ ಶಾಲೆಯಲ್ಲಿದ್ದನು.

ಹೊಸ ಮನೆಯನ್ನು ಕಟ್ಟುವ ವರೆಗೆ ಮಕ್ಕಳನ್ನು ಬೇರೆ ಬೇರೆ ಮನೆಗಳಲ್ಲಿ ಬಿಡಬೇಕಾಯಿತು. ಅವರು ತಿರುಗಿ ಒಟ್ಟುಗೂಡಿದಾಗ ಕೆಟ್ಟ ಹಾಡುಗಳನ್ನೂ ಒರಟು ಮಾತುಗಳನ್ನೂ ಕಲಿತುಬಂದಿದ್ದರು. ಭಾನುವಾರದ ಭಯಭಕ್ತಿಯು ಸಡಲಿಹೋಗಿತ್ತು. ಹಲವು ವರ್ಷಗಳ ಪ್ರಯಾಸವು ಕೆಲವೇ ತಿಂಗಳುಗಳಲ್ಲಿ ಹಾಳಾದದ್ದನ್ನು ಕಂಡರೂ ತಾಯಿಯು ಎದೆಗುಂದದೆ ಮೊದಲಿನಿಂದ ಪ್ರಾರಂಭಿಸಿದಳು. ಸುಟ್ಟುಹೋದ ಪುಸ್ತಕಗಳಿಗೆ ಬದಲಾಗಿ ತಾನೇ ಪಾಠಗಳನ್ನು ಬರೆದಳು. ಅಪೊಸ್ತಲರ ವಿಶ್ವಾಸಪ್ರಮಾಣಕ್ಕೂ ದಶಾಜ್ಞೆಗಳಿಗೂ ವಿವರಣೆಗಳನ್ನು ರಚಿಸಿದಳು. ತಾಯಿಗೂ ಹಿರಿಯ ಮಗಳಾದ ಎಮಿಲಿಯಳಿಗೂ ನಡೆಯುವ ಸಂಭಾಷಣೆಯ ರೂಪದಲ್ಲಿ ದೇವಜ್ಞಾನವನ್ನು ಕುರಿತ ಒಂದು ಗ್ರಂಥವನ್ನೂ ಬರೆದಳು. ನಂಬಿಕೆಯನ್ನು ಬಾಯಿಪಾಠ ಮಾಡಿದರೆ ಸಾಲದು, ಅದಕ್ಕೆ ಕಾರಣವನ್ನೂ ಹೇಳಬಲ್ಲವರಾಗಿರಬೇಕೆಂಬದು ಆಕೆಯ ಅಪೇಕ್ಷೆ; ಅದನ್ನು ಹೆಣ್ಣುಮಕ್ಕಳಿಂದಲೂ ಅಪೇಕ್ಷಿಸಿದಳು.

ಈ ಕಾಲದಲ್ಲಿ ನಮ್ಮ ದಕ್ಷಿಣ ಹಿಂದೂಸ್ಥಾನಕ್ಕೂ ಆ ದೂರದ ಹಳ್ಳಿಗೂ ಒಂದು ವಿಚಿತ್ರವಾದ ಸಂಬಂಧವು ಉಂಟಾಯಿತು. ೧೭೦೬ರಲ್ಲಿ ಡೆನ್ಮಾರ್ಕಿನ ಅರಸನು ಕಳುಹಿಸಿದ ತ್ಸೀಗೆನ್‌ಬಾಲ್ಗ್, ಪ್ಲುಚೌ ಎಂಬ ಇಬ್ಬರು ಮಿಷನೆರಿಗಳು ತಮಿಳುನಾಡಿನ ತೀರದಲ್ಲಿರುವ ತರಂಗಂಬಾಡಿಗೆ ಬಂದು, ತಮಿಳುಭಾಷೆಯನ್ನು ಕಲಿತು, ಮಕ್ಕಳಿಗೆ ಶಾಲೆಗಳನ್ನು ತೆರೆದು ಸುವಾರ್ತೆಯನ್ನು ಸಾರುತ್ತಿದ್ದರು. ಅವರ ಕೆಲಸದ ವೃತ್ತಾಂತವು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎಮಿಲಿಯಳು ಆ ಪುಸ್ತಕವನ್ನು ತಂದೆಯ ಕೋಣೆಯಲ್ಲಿ ಕಂಡು ತಾಯಿಗೆ ಓದಿ ಹೇಳಿದಳು. ಅದನ್ನು ಕೇಳಿದ ಸುಸನ್ನಮ್ಮನವರಿಗೆ ಹಲವು ದಿನಗಳ ವರೆಗೆ ಬೇರೆ ಯೋಚನೆಯೇ ಇರಲಿಲ್ಲ. ತಾನು ಗಂಡಸಲ್ಲ, ಬೋಧಕಳಲ್ಲ, ಸಮುದ್ರವನ್ನು ದಾಟಿ ಹೋಗಲಾರೆನು. ಆದರೂ ಈಗ ಮಾಡುತ್ತಿರುವದಕ್ಕಿಂತ ಹೆಚ್ಚನ್ನು ಮಾಡಬಲ್ಲೆನೆಂದು ಅವರಿಗೆ ತೋರಿತು. ಎಲ್ಲಿಂದ ಪ್ರಾರಂಭಿಸುವದು? ತನ್ನ ಮಕ್ಕಳಿಂದಲೇ.

ಆದಕಾರಣ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕಲಿಸುತ್ತಿದ್ದ ಪಾಠಗಳಲ್ಲದೆ, ಪ್ರತಿಯೊಂದು ಮಗುವಿನೊಡನೆ ವಾರಕ್ಕೆ ಒಂದು ಸಾಯಂಕಾಲ ಏಕಾಂತವಾಗಿ ಮಾತಾಡುವ ಕ್ರಮವನ್ನಿಟ್ಟರು. ಸೋಮವಾರ ಮೇರಿ, ಮಂಗಳವಾರ ಹೆಟ್ಟಿ, ಬುಧವಾರ ಆನ್, ಗುರುವಾರ ಜಾನ್, ಶುಕ್ರವಾರ ಮಾರ್ಥ, ಶನಿವಾರ ಚಾರ್ಲ್ಸ್, ಭಾನುವಾರ ಎಮಿಲಿಯ ಮತ್ತು ಸುಸನ್ನ. ಆ ಹೊತ್ತಿನಲ್ಲಿ ಮಗುವಿನ ಸಂದೇಹಗಳೇನು, ಭಯಗಳೇನು, ಅದು ಬಿದ್ದ ಶೋಧನೆ ಯಾವದು ಎಂಬದನ್ನೆಲ್ಲಾ ತಾಯಿಯು ತಾಳ್ಮೆಯಿಂದ ಕೇಳುವಳು. ಅಷ್ಟು ಮಕ್ಕಳ ಮನೆಯಲ್ಲಿ ತಾಯಿಯು ತನಗೊಬ್ಬನಿಗೇ ಸೇರಿದ ಒಂದು ಗಳಿಗೆಯು ಇರುವದು ಮಗುವಿಗೆ ಎಷ್ಟು ದೊಡ್ಡ ಭಾಗ್ಯವೆಂದು ಬೇರೆ ಹೇಳಬೇಕೆ? ಜಾನ್ ವೆಸ್ಲಿಯವರು ಇಪ್ಪತ್ತೆಂಟು ವರ್ಷ ದಾಟಿ ಆಕ್ಸ್‌ಫರ್ಡಿನಲ್ಲಿ ವಿದ್ವಾಂಸರಾಗಿದ್ದಾಗಲೂ, ಹಿಂದಿನ ಆ ಗುರುವಾರದ ಸಾಯಂಕಾಲದಲ್ಲಿ ಸ್ವಲ್ಪ ಭಾಗವನ್ನು ತಮಗಾಗಿ ತೆಗೆದಿಟ್ಟು ಪ್ರಾರ್ಥಿಸಬೇಕೆಂದು ತಾಯಿಗೆ ಬರೆದು ಬೇಡಿಕೊಂಡರು.

ಮನೆಯ ದೀಪವು ಬೀದಿಗೂ ಬೆಳಕು ಕೊಡದಿರುವದೇ? ಅದೇ ೧೭೧೧ - ೧೨ರ ಚಳಿಗಾಲದಲ್ಲಿ ಪತಿಯು ಸಭಾಕಾರ್ಯಕ್ಕಾಗಿ ಲಂಡನಿನಲ್ಲಿದ್ದರು. ಊರಿನ ದೇವಾಲಯದಲ್ಲಿ ಭಾನುವಾರ ಸಾಯಂಕಾಲದ ಆರಾಧನೆಯಿರಲಿಲ್ಲ. ಆದದರಿಂದ ಸುಸನ್ನಮ್ಮನವರು ಮಕ್ಕಳನ್ನೂ ಸೇವಕರನ್ನೂ ಅಡಿಗೆಮನೆಯಲ್ಲಿ ಕೂಡಿಸಿ ಪ್ರಾರ್ಥನೆಗಳನ್ನೂ ಒಂದು ಪ್ರಸಂಗವನ್ನೂ ಓದುತ್ತಿದ್ದರು. ಮನೆಯ ಸೇವಕ ಹುಡುಗನೊಬ್ಬನು ಇದನ್ನು ತನ್ನ ತಾಯಿತಂದೆಗಳಿಗೆ ಹೇಳಲು, ಅವರೂ ಬಂದರು. ನೆರೆಯವರು ಬಂದರು. ಮೂವತ್ತು ನಾಲ್ವತ್ತು ಮಂದಿಯಾಗಿದ್ದವರು ಕಡೆಗೆ ಇನ್ನೂರಕ್ಕೆ ಏರಿ, ನಿಲ್ಲುವದಕ್ಕೆ ಸ್ಥಳವಿಲ್ಲದೆ ಹಲವರು ಹಿಂದಿರುಗಬೇಕಾಯಿತು. ಪತಿಯ ಬದಲಾಗಿ ಸಭೆಯನ್ನು ನೋಡಿಕೊಳ್ಳುತ್ತಿದ್ದ ಉಪಬೋಧಕನಿಗೆ ಇದು ಸಹಿಸಲಿಲ್ಲ. ಲಂಡನಿಗೆ ದೂರು ಹೋಯಿತು. ಹೆಂಗಸೊಬ್ಬಳು ಹೀಗೆ ಮಾಡುವದು ಅಸಾಧಾರಣವೆಂದೂ, ಬೇರೆ ಯಾರಾದರೂ ಓದಲೆಂದೂ ಪತಿಯು ಬರೆದರು. ಸುಸನ್ನಮ್ಮನವರು ವಿನಯದಿಂದಲೂ ಧೈರ್ಯದಿಂದಲೂ ಉತ್ತರ ಕೊಟ್ಟರು. ಅಲ್ಲಿಗೆ ಬರುವ ಗಂಡಸರಲ್ಲಿ ಒಂದು ಪ್ರಸಂಗವನ್ನು ಅಕ್ಷರ ಕೂಡಿಸದೆ ಓದಬಲ್ಲವನು ಒಬ್ಬನೂ ಇರಲಿಲ್ಲವೆಂದು ತಿಳಿಸಿದರು. ವರ್ಷಗಟ್ಟಲೆ ದೇವಾಲಯದ ಕಡೆಗೆ ತಲೆಹಾಕದವರು ಈಗ ಬರತೊಡಗಿದ್ದಾರೆಂದು ತೋರಿಸಿದರು. ಪತಿಯು ನಿಲ್ಲಿಸಬೇಕೆಂದು ಸ್ಪಷ್ಟವಾಗಿ ಆಜ್ಞಾಪಿಸಿದರೆ ನಿಲ್ಲಿಸುವೆನು. ಆದರೆ ಆಗ ನ್ಯಾಯತೀರ್ಪಿನ ದಿನದಲ್ಲಿ ಅದರ ಹೊಣೆಯು ತನ್ನ ಮೇಲಿರಬಾರದೆಂದು ಬರೆದರು. ಆ ಆಜ್ಞೆಯನ್ನು ಕೊಡುವದಕ್ಕೆ ಪತಿಗೆ ಮನಸ್ಸಾಗಲಿಲ್ಲ, ಕೂಟಗಳು ನಡೆದವು. ಆ ಅಡಿಗೆಮನೆಯ ಮೂಲೆಯಲ್ಲಿ ಕುಳಿತಿದ್ದ ಎಂಟು ವರ್ಷದ ಜಾನನೂ ನಾಲ್ಕು ವರ್ಷದ ಚಾರ್ಲ್ಸನೂ ದೇವಾಲಯದ ಗೋಡೆಗಳ ಹೊರಗೂ ದೇವರ ವಾಕ್ಯವು ಜನರನ್ನು ಕೂಡಿಸಬಲ್ಲದೆಂಬ ಪಾಠವನ್ನು ಅಲ್ಲಿಯೇ ಕಲಿತಿರಬೇಕು.

ಇಷ್ಟೆಲ್ಲಾ ಹೇಳಿದ ಮೇಲೆ ಕುಂದುಗಳನ್ನು ಮುಚ್ಚಿಡುವದು ಸತ್ಯಕ್ಕೆ ಒಪ್ಪುವದಿಲ್ಲ. ಮಗುವಿನ ಹಟವನ್ನು ಎಳೆಯದರಲ್ಲಿಯೇ ಮುರಿಯಬೇಕೆಂಬದು ಸುಸನ್ನಮ್ಮನವರ ಸಿದ್ಧಾಂತ. ವರ್ಷ ತುಂಬಿದ ಕೂಸಿಗೂ ಬೆತ್ತದ ಭಯವನ್ನು ತೋರಿಸಿ ಮೆಲ್ಲಗೆ ಅಳುವದನ್ನು ಕಲಿಸಿದರು. ಇಂದಿನ ತಾಯಂದಿರೂ ಉಪಾಧ್ಯಾಯಿನಿಯರೂ ಇದನ್ನು ಅನುಸರಿಸಲಾರರು, ಅನುಸರಿಸಲೂಬಾರದು. ಇನ್ನು ಹೆಟ್ಟಿಯ ಕಥೆಯು ಹೆಚ್ಚು ದುಃಖಕರವಾದದ್ದು. ಮಕ್ಕಳಲ್ಲೆಲ್ಲಾ ಅತಿ ಬುದ್ಧಿವಂತೆಯೂ ಕವಿತೆ ಬರೆಯಬಲ್ಲವಳೂ ಆದ ಈ ಮಗಳು ೧೭೨೫ರಲ್ಲಿ ಒಬ್ಬನ ಮಾತನ್ನು ನಂಬಿ ಮೋಸಹೋದಳು. ಪಶ್ಚಾತ್ತಾಪದಿಂದ ಹಿಂದಿರುಗಿದ ಆಕೆಯನ್ನು ತಂದೆಯು ಕ್ಷಮಿಸಲಿಲ್ಲ. ಮನಸ್ಸಿಗೆ ಒಪ್ಪದ ಒಬ್ಬನಿಗೆ ಕೊಟ್ಟು ಮದುವೆ ಮಾಡಿಸಿದರು. ತಾಯಿಯೂ ಆಗ ಆಕೆಯ ಪಕ್ಷವನ್ನು ಬಲವಾಗಿ ಹಿಡಿಯಲಿಲ್ಲ. ಒಪ್ಪಿಕೊಂಡ ತಪ್ಪಿಗೆ ಪೆಟ್ಟಿಲ್ಲ, ತಿದ್ದಿಕೊಂಡದ್ದನ್ನು ಎತ್ತಿ ಹಂಗಿಸಕೂಡದು ಎಂಬ ಆ ಒಳ್ಳೆಯ ನಿಯಮವು ಐದು ವರ್ಷದ ಮಗುವಿಗೆ ಸಲ್ಲಿತು. ಇಪ್ಪತ್ತೆಂಟು ವರ್ಷದ ಮಗಳಿಗೆ ಸಲ್ಲಲಿಲ್ಲ. ಅಣ್ಣತಮ್ಮಂದಿರಲ್ಲಿ ಜಾನರು ೧೭೨೬ರಲ್ಲಿ ಪಾಪಿಗಳಿಗೆ ತೋರಿಸಬೇಕಾದ ಪ್ರೀತಿಯನ್ನು ಕುರಿತು ತಂದೆಯ ಸಭೆಯಲ್ಲಿಯೇ ಪ್ರಸಂಗಮಾಡಿ ತಂದೆಯ ಕೋಪಕ್ಕೆ ಗುರಿಯಾದರು. ತಾಯಿ ಬಾಲ್ಯದಲ್ಲಿ ಕಲಿಸಿದ ಪಾಠವನ್ನು ಮಗನು ಮನೆಗೇ ಹಿಂದಕ್ಕೆ ತಂದನೆಂದು ಹೇಳಬಹುದು. ಮಕ್ಕಳಿಗೆ ಕಲಿಸಿದ ಕ್ರೈಸ್ತಗುಣವು ದೊಡ್ಡವರ ಮೇಲೆಯೂ ಹಕ್ಕುಳ್ಳದ್ದೆಂಬದೇ ಇದರ ಬುದ್ಧಿವಾದ.

೧೭೩೨ರಲ್ಲಿ ಜಾನರ ಕೋರಿಕೆಯ ಮೇರೆಗೆ ಸುಸನ್ನಮ್ಮನವರು ತಮ್ಮ ಬೋಧನಾಕ್ರಮವನ್ನೆಲ್ಲಾ ಒಂದು ಪತ್ರದಲ್ಲಿ ಬರೆದು ಕಳುಹಿಸಿದರು. ನಾವು ಮೇಲೆ ಹೇಳಿದ ನಿಯಮಗಳಲ್ಲಿ ಹೆಚ್ಚಿನವು ಆ ಪತ್ರದಿಂದಲೇ ತಿಳಿದವು. ೧೭೩೫ರಲ್ಲಿ ಪತಿಯು ತೀರಿಕೊಂಡರು. ಎಮಿಲಿಯಳು ಗೇನ್ಸ್‌ಬರೋ ಎಂಬ ಊರಿನಲ್ಲಿ ಶಾಲೆಯನ್ನು ನಡಿಸುತ್ತಿದ್ದಳು. ವಿಧವೆಯಾದ ತಾಯಿಯು ಮೊದಲು ಈ ಮಗಳ ಆಶ್ರಯಕ್ಕೆ ಬಂದಳು. ಅದೇ ವರ್ಷ ಜಾನರೂ ಚಾರ್ಲ್ಸರೂ ಅಮೆರಿಕದ ಜಾರ್ಜಿಯಕ್ಕೆ ಹೊರಟಾಗ ಆಕೆಯು ತಡೆಯದೆ ಆಶೀರ್ವದಿಸಿ ಕಳುಹಿಸಿದಳು. ಅಲ್ಲಿಯ ಸವಾನ್ನಾ ಪಟ್ಟಣದಲ್ಲಿ ಜಾನರು ಮಕ್ಕಳನ್ನು ಕೂಡಿಸಿ ಪ್ರಶ್ನೋತ್ತರಗಳ ಮೂಲಕ ಉಪದೇಶಿಸುತ್ತಿದ್ದರು. ಕಡೆಯ ವರ್ಷಗಳಲ್ಲಿ ಸುಸನ್ನಮ್ಮನವರು ಲಂಡನಿನಲ್ಲಿ ಜಾನರ ಬಳಿ ಇದ್ದರು. ಹಿಂದೆ ಫಿರಂಗಿಗಳನ್ನು ಎರಕ ಹೊಯ್ಯುತ್ತಿದ್ದ ಕಟ್ಟಡವನ್ನು ೧೭೩೯ರಲ್ಲಿ ಕೊಂಡು ಜಾನರು ಅದನ್ನು ಆರಾಧನೆಯ ಸ್ಥಳವಾಗಿ ಮಾಡಿದ್ದರು. ಅದರ ಪಕ್ಕದ ಕೋಣೆಗಳಲ್ಲಿ ತಾಯಿಯ ವಾಸ. ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡನೆಂಬ ತರುಣನು ಪ್ರಸಂಗ ಮಾಡಿದನೆಂದು ಜಾನರು ಸಿಟ್ಟಾಗಿ ಬಂದಾಗ, ಮೊದಲು ಅವನ ಪ್ರಸಂಗವನ್ನು ಕೇಳಿ ಆಮೇಲೆ ತೀರ್ಮಾನಿಸಬೇಕೆಂದು ಬುದ್ಧಿ ಹೇಳಿದವರು ಈ ತಾಯಿಯೇ. ಎಪ್ವರ್ತಿನ ಅಡಿಗೆಮನೆಯನ್ನು ಅವರು ಮರೆತಿರಲಿಲ್ಲ.

೧೭೪೨ನೆಯ ಇಸವಿ ಜುಲೈ ತಿಂಗಳಲ್ಲಿ, ಎಪ್ಪತ್ತಮೂರು ವರ್ಷ ವಯಸ್ಸಿನಲ್ಲಿ, ಸುಸನ್ನಮ್ಮನವರು ಕರ್ತನಲ್ಲಿ ನಿದ್ರೆಹೋದರು. ತನ್ನ ಪ್ರಾಣವು ಹೋದ ಕೂಡಲೇ ಮಕ್ಕಳು ಅಳುವದನ್ನು ಬಿಟ್ಟು ದೇವಸ್ತೋತ್ರದ ಕೀರ್ತನೆಯನ್ನು ಹಾಡಬೇಕೆಂದು ಅವರು ಕೇಳಿಕೊಂಡಿದ್ದರು. ಹಾಸಿಗೆಯ ಸುತ್ತಲೂ ನಿಂತಿದ್ದ ಮಕ್ಕಳು ಹಾಗೆಯೇ ಮಾಡಿದರು. ಜಾನ್ ಬನ್ಯನ್‌ರ ಸಮಾಧಿಯಿರುವ ಬನ್‌ಹಿಲ್ ಸ್ಮಶಾನದಲ್ಲಿಯೇ ಅವರ ದೇಹವನ್ನೂ ಹೂಳಿಟ್ಟರು. ಬೆಂಕಿಯ ತರುವಾಯ ಇಟ್ಟಿಗೆಯಿಂದ ಕಟ್ಟಿದ ಎಪ್ವರ್ತಿನ ಆ ಮನೆಯು ಈಗಲೂ ನಿಂತಿದೆ. ದೂರದೇಶಗಳಿಂದ ಬಂದವರು ಅದನ್ನು ನೋಡಿಹೋಗುತ್ತಾರೆ.

ಸುಸನ್ನಮ್ಮನವರು ಬಿತ್ತಿದ್ದು ಅವರ ಮಕ್ಕಳಲ್ಲಿಯೇ ನಿಲ್ಲಲಿಲ್ಲ. ೧೭೬೯ರಲ್ಲಿ ಮೆಥೊಡಿಸ್ಟ್ ಸಭೆಯವಳಾದ ಹಾನ್ನ ಬಾಲ್ ಎಂಬ ಯುವತಿಯು ಹೈ ವಿಕಮ್ ಎಂಬ ಊರಿನಲ್ಲಿ ಮಕ್ಕಳಿಗಾಗಿ ಭಾನುವಾರದ ಶಾಲೆಯನ್ನು ಆರಂಭಿಸಿದಳು. ೧೭೮೦ರಲ್ಲಿ ಗ್ಲಾಸ್ಟರಿನ ರಾಬರ್ಟ್ ರೈಕ್ಸರು ವಾರವೆಲ್ಲಾ ದುಡಿಯುವ ಬಡಮಕ್ಕಳಿಗೆ ಅಂಥ ಶಾಲೆಯನ್ನು ತೆರೆದು ತಮ್ಮ ವೃತ್ತಾಂತಪತ್ರದ ಮೂಲಕ ಅದನ್ನು ದೇಶಕ್ಕೆಲ್ಲಾ ತಿಳಿಸಿದರು. ಜಾನ್ ವೆಸ್ಲಿಯವರು ಈ ಶಾಲೆಗಳನ್ನು ಕಂಡು ಬಹಳವಾಗಿ ಸಂತೋಷಪಟ್ಟರು. ಇಂದು ನಮ್ಮ ದೇವಾಲಯಗಳಲ್ಲಿ ಭಾನುವಾರ ಮಕ್ಕಳು ವಚನಗಳನ್ನು ಒಪ್ಪಿಸುವಾಗ ಆ ಶಾಲೆಗಳ ಫಲವನ್ನೇ ನಾವು ಕಾಣುತ್ತೇವೆ. ಆದರೆ ವಾರಕ್ಕೆ ಒಂದು ಗಳಿಗೆಯ ಆ ಶಾಲೆಯು ಮನೆಯ ಕೆಲಸಕ್ಕೆ ಸಹಾಯವೇ ಹೊರತು ಮನೆಗೆ ಬದಲಲ್ಲ. ದೇವಾಲಯದಲ್ಲಿ ಕೇಳಿದ ಸತ್ಯವು ಮನೆಯಲ್ಲಿ ಕೊಟ್ಟ ಮಾತಾಗಿಯೂ, ಮುಟ್ಟದೆ ಬಿಟ್ಟ ಗುಂಡುಸೂಜಿಯಾಗಿಯೂ, ಕ್ಷಮಿಸಿದ ತಪ್ಪಾಗಿಯೂ ಕಾಣಿಸದೆಹೋದರೆ ಮಗುವು ಅದನ್ನು ಬಾಯಿಪಾಠವೆಂದೇ ಎಣಿಸುವದು.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರಾಗುವಿರಿ, ಕೆಲವರು ದಾದಿಯರೂ ವೈದ್ಯರೂ ಆಗುವಿರಿ, ಹಲವರು ತಾಯಂದಿರಾಗುವಿರಿ. ನಿಮ್ಮ ಕೈಗೆ ಒಪ್ಪಿಸಲ್ಪಡುವ ಮಕ್ಕಳು ಎಷ್ಟೇ ಮಂದಿಯಾಗಿರಲಿ, ಅವರಲ್ಲಿ ಪ್ರತಿಯೊಬ್ಬರಿಗೂ ತನ್ನದೇ ಆದ ಒಂದು ಗುರುವಾರದ ಸಾಯಂಕಾಲವು ದೊರೆಯುವಂತೆ ನೋಡಿಕೊಳ್ಳಿರಿ. ಅದಕ್ಕೆ ಹಣ ಬೇಡ, ದೊಡ್ಡ ಮನೆ ಬೇಡ. ಎಪ್ವರ್ತಿನಲ್ಲಿ ಹಣವಂತೂ ಇರಲಿಲ್ಲ.